ಸೆಂಟರ್ ಸ್ಪೀಕರ್: ಅದೇ ಸರಣಿಯ ಅಗಲದ್ದೋ, ಬೇರೆ ಕಂಪನಿಯ ತ್ರೀ-ವೇಯೋ?

ಹೊಸಕಿವಿ:
ಎರಡು ವಾರಗಳಿಂದ ಇದೊಂದೇ ತಲೆಯಲ್ಲಿ ಕುಳಿತಿದೆ. ಇಳಿಸಿಹೋಗೋಣ ಎಂದು ಬಂದೆ.

ಟಿವಿಯ ಎಡಬಲಕ್ಕೆ ಆರೂವರೆ ಇಂಚಿನ ವೂಫರ್ (ಕೆಳಸ್ವರಗಳ ಕೋನ್) ಇರುವ ಬುಕ್‌ಶೆಲ್ಫ್ ಸ್ಪೀಕರ್‌ಗಳಿವೆ, ಒಂದು ಸಬ್‌ವೂಫರ್ ಇದೆ. ನಡುವೆ ಮಾತ್ರ ಹಳೆಯ ಸೆಟ್‌ನಿಂದ ಉಳಿದ ಸಣ್ಣ ಸೆಂಟರ್ (ಸಿನಿಮಾದ ಮಾತು ಹೆಚ್ಚಾಗಿ ಬರುವ ಸ್ಪೀಕರ್), ಮೂರು ಇಂಚಿನ ಎರಡು ಕೋನ್‌ಗಳದ್ದು. ಬಾಂಬು ಸಿಡಿದರೆ ಕಿಟಕಿ ನಡುಗುತ್ತದೆ. ಅದೇ ದೃಶ್ಯದಲ್ಲಿ ಸಾಯುತ್ತಿರುವವನು ಹೇಳಿದ ಗುಟ್ಟು ಯಾರಿಗೂ ಕೇಳಿಸುವುದಿಲ್ಲ. ಅಮ್ಮ ಮೂಲೆಯ ಕುರ್ಚಿಯಲ್ಲಿ ಕೂರುತ್ತಾರೆ. ಹತ್ತು ನಿಮಿಷಕ್ಕೊಮ್ಮೆ "ಏನಂದ ಅವನು?" ಎಂದು ಕೇಳುತ್ತಾರೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಇನ್ನೆರಡು ಮಾತು ಹೋಗಿರುತ್ತವೆ.

ಆಯ್ಕೆ ಎರಡಕ್ಕೆ ಇಳಿದಿದೆ. ಮೊದಲನೆಯದು ನನ್ನ ಎಡಬಲದ ಸ್ಪೀಕರ್‌ಗಳ ಸರಣಿಯದೇ: ನಡುವೆ ಟ್ವೀಟರ್ (ಮೇಲಿನ ಸ್ವರಗಳದ್ದು), ಅಕ್ಕಪಕ್ಕ ಐದೂಕಾಲು ಇಂಚಿನ ಎರಡು ವೂಫರ್, ಉದ್ದಕ್ಕೆ ಮಲಗಿದ ಪೆಟ್ಟಿಗೆ. ಎರಡನೆಯದು ಬೇರೆ ಕಂಪನಿಯ ತ್ರೀ-ವೇ, ಅಂದರೆ ಸ್ವರಗಳನ್ನು ಮೂರು ಪಾಲು ಮಾಡಿ ಹಂಚುವುದು: ಟ್ವೀಟರ್‌ನ ನೇರ ಕೆಳಗೆ ನಡುಸ್ವರಗಳ ಸಣ್ಣ ಮಿಡ್‌ರೇಂಜ್, ಆಚೀಚೆ ವೂಫರ್. ಅದು 22 ಸೆಂ.ಮೀ. ಎತ್ತರ, ನನ್ನ ಟಿವಿ ಕಪಾಟಿನ ಖಾನೆ 20. ಸೋಫಾ ಟಿವಿಯಿಂದ 3 ಮೀಟರ್ ದೂರ. ಯಾವುದನ್ನು ತರಲಿ?

ತಂತಿಜೋಡಕ:
ಅದೇ ಸರಣಿಯದು. ಚರ್ಚೆ ಮುಗಿಯಿತು.

ಎರಡೇಸಾಕು:
ಯಾವುದೂ ಬೇಡ. ಹಳೆಯದನ್ನೂ ಕಿತ್ತುಹಾಕಿ, ಸ್ಪೀಕರ್‌ಗಳಿಗೆ ಸದ್ದು ಹಂಚುವ ರಿಸೀವರ್‌ನಲ್ಲಿ 'ಸೆಂಟರ್ ಇಲ್ಲ' ಎಂದು ಆಯ್ಕೆ ಮಾಡಿ. ಎಡಬಲ ಎರಡೂ ಒಳ್ಳೆಯವಾಗಿದ್ದರೆ ಮಾತು ತಾನಾಗಿಯೇ ಪರದೆಯ ನಡುವಿನಿಂದ ಬರುತ್ತದೆ. ನಾನು ಆರು ವರ್ಷದಿಂದ ಹಾಗೆಯೇ ಕೇಳುತ್ತಿದ್ದೇನೆ, ಇಂದಿಗೂ ಏನೂ ಕೊರತೆಯಾಗಿಲ್ಲ.

ಮಂದ್ರಸ್ಥಾಯಿ:
ಎರಡೇಸಾಕು ಅವರೇ, ನಿಮ್ಮ ಮನೆಯಲ್ಲಿ ಸಿನಿಮಾ ನೋಡುವವರು ಎಷ್ಟು ಜನ?

ಎರಡೇಸಾಕು:
ನಾನೊಬ್ಬನೇ. ಯಾಕೆ?

ಮಂದ್ರಸ್ಥಾಯಿ:
ಅದಕ್ಕೇ ಕೊರತೆಯಾಗಿಲ್ಲ. ಎರಡು ಸ್ಪೀಕರ್‌ಗಳ ನಡುವೆ ಹುಟ್ಟುವ ಆ ಕಾಲ್ಪನಿಕ ಸೆಂಟರ್ ನಟ್ಟನಡುವೆ ಕುಳಿತವನ ಸ್ವತ್ತು. ಒಂದು ಮೊಳ ಎಡಕ್ಕೆ ಸರಿದರೆ ಎಡ ಸ್ಪೀಕರ್‌ನ ಸದ್ದು ಸುಮಾರು ಒಂದು ಮಿಲಿಸೆಕೆಂಡ್ ಮೊದಲು ತಲುಪುತ್ತದೆ. ಕಿವಿ ಮೊದಲು ಬಂದದ್ದನ್ನೇ ನಂಬುವ ಪ್ರಾಣಿ, ಹಾಗಾಗಿ ಪೂರ್ತಿ ಸಂಭಾಷಣೆ ಎಡಗಡೆಯ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತದೆ. ಮೂಲೆಯ ಕುರ್ಚಿಯಲ್ಲಿರುವ ಅಮ್ಮನಿಗೆ ನಾಯಕ ಪರದೆಯ ನಡುವೆ ಕಾಣುತ್ತಾನೆ, ಮಾತು ಗೋಡೆಯ ಕಡೆಯಿಂದ ಬರುತ್ತದೆ.

ನಡುವೆ ಕುಳಿತವನಿಗೂ ಅದು ಪುಕ್ಕಟೆಯಲ್ಲ. ಎಡ ಸ್ಪೀಕರ್‌ನ ಸದ್ದು ಬಲಗಿವಿಗೂ ಬರುತ್ತದೆ, ಸುಮಾರು ಕಾಲು ಮಿಲಿಸೆಕೆಂಡ್ ತಡವಾಗಿ. ಹಾಗೆಯೇ ಬಲದ್ದು ಎಡಗಿವಿಗೆ. ಎರಡೂ ಸೇರಿದಾಗ 2,000 ಹರ್ಟ್ಜ್ ಆಸುಪಾಸಿನಲ್ಲಿ ಒಂದು ತಗ್ಗು ಬೀಳುತ್ತದೆ. ವ್ಯಂಜನಗಳ ಸ್ಪಷ್ಟತೆಗೆ ಬೇಕಾದದ್ದೂ ಅದೇ ಜಾಗ.

ಎರಡೇಸಾಕು:
ಕೇಳದೆ ಇರುವ ತಗ್ಗಿಗೆ ಮಣ್ಣು ತುಂಬಲು ನಾನು ಹೊಸ ಪೆಟ್ಟಿಗೆ ತರುವುದಿಲ್ಲ.

ಹಳೆಯಂತ್ರ:
ಈ ಜಗಳಕ್ಕೆ ತೊಂಬತ್ತು ವರ್ಷ ದಾಟಿದೆ. 1933ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ದೂರವಾಣಿ ತಂತಿಗಳ ಮೂಲಕ ವಾಷಿಂಗ್ಟನ್‌ನ ಸಭಾಂಗಣದಲ್ಲಿ ಕೇಳಿಸಿದರು. ಹಾರ್ವೆ ಫ್ಲೆಚರ್ ಅದರ ಮುಂದಾಳು. ಅವರು ಇಟ್ಟದ್ದು ಎಡ, ನಡು, ಬಲ ಎಂದು ಮೂರು ಚಾನೆಲ್, ಅಂದರೆ ಮೂರು ಬೇರೆ ಬೇರೆ ಧ್ವನಿದಾರಿ. ಮನೆಗೆ ಬರುವಾಗ ಅದು ಎರಡಕ್ಕೆ ಇಳಿದದ್ದು ನಡುವಿನದು ದಂಡ ಎಂದಲ್ಲ. ಗ್ರಾಮಫೋನ್ ತಟ್ಟೆಯ ಗೆರೆಗೆ ಇರುವುದು ಎರಡೇ ಗೋಡೆ, ಒಂದೊಂದು ಗೋಡೆಗೆ ಒಂದೊಂದು ಚಾನೆಲ್. ಮೂರನೆಯದನ್ನು ಎಲ್ಲಿ ಕೊರೆಯುವುದು?

ಕೆಳಗಿನಸಾಲು:
ನಾನು ಸಬ್‌ಟೈಟಲ್ ಹಾಕಿಕೊಂಡು ನೋಡುತ್ತೇನೆ. ಕನ್ನಡ ಚಿತ್ರಕ್ಕೂ. ನಾಚಿಕೆಯಿಲ್ಲ.

ತಂತಿಜೋಡಕ:
ಅದು ಸೋಲೊಪ್ಪಿಕೊಂಡ ಹಾಗೆ.

ಕೆಳಗಿನಸಾಲು:
ಹೌದು, ಮತ್ತು ನನಗೆ ಕಥೆ ಪೂರ್ತಿ ತಿಳಿಯುತ್ತದೆ.

ಅಳತೆಗೋಲು:
ಮೂಲ ಪ್ರಶ್ನೆಗೆ ಬರೋಣ. ಮಲಗಿಸಿದ ವೂಫರ್-ಟ್ವೀಟರ್-ವೂಫರ್ ಪೆಟ್ಟಿಗೆಯ ತೊಂದರೆ ಕಣ್ಣಿಗೆ ಕಾಣುವುದಿಲ್ಲ, ಪಕ್ಕಕ್ಕೆ ಕುಳಿತವರ ಕಿವಿಗೆ ಬೀಳುತ್ತದೆ. ಎರಡೂ ವೂಫರ್ ಒಂದೇ ಸದ್ದನ್ನು ಹೊರಡಿಸುತ್ತವೆ. ಎದುರು ಕುಳಿತರೆ ಎರಡಕ್ಕೂ ಸಮಾನ ದೂರ, ಪಕ್ಕಕ್ಕೆ ಸರಿದರೆ ಒಂದು ಹತ್ತಿರ, ಇನ್ನೊಂದು ದೂರ. ಆ ವ್ಯತ್ಯಾಸ ಅರ್ಧ ತರಂಗಾಂತರದಷ್ಟಾದ ಕಡೆ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಅಳಿಸಿಹೋಗುತ್ತವೆ.

ಲೆಕ್ಕ ಸುಲಭ. ವೂಫರ್‌ಗಳ ನಡುವೆ, ಕೇಂದ್ರದಿಂದ ಕೇಂದ್ರಕ್ಕೆ, 33 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ಕೋನ 30 ಡಿಗ್ರಿಯಾದರೆ ದೂರದ ವ್ಯತ್ಯಾಸ ಅದರ ಅರ್ಧ, 16.5 ಸೆಂ.ಮೀ. ಹಾಗಿದ್ದರೆ ಅಳಿಸಿಹೋಗುವ ತರಂಗಾಂತರ 33 ಸೆಂ.ಮೀ., ಅಂದರೆ ಸುಮಾರು 1,040 ಹರ್ಟ್ಜ್. ಮಾತಿನ ನಟ್ಟನಡುವೆ! ಕೋನ 15 ಡಿಗ್ರಿಯಾದರೆ ಅದು 2,000 ಹರ್ಟ್ಜ್ ಹತ್ತಿರಕ್ಕೆ ಹೋಗುತ್ತದೆ.

ಹೊಸಕಿವಿ ಅವರೇ, ಅಮ್ಮನ ಕುರ್ಚಿ ಮಧ್ಯರೇಖೆಯಿಂದ ಎಷ್ಟು ದೂರ ಎಂದು ಟೇಪು ಹಿಡಿದು ನೋಡಿ.

ಹೊಸಕಿವಿ:
ಈಗಷ್ಟೇ ನೋಡಿದೆ. 1.7 ಮೀಟರ್ ಪಕ್ಕಕ್ಕೆ. ಸೋಫಾದ ತುದಿ 80 ಸೆಂ.ಮೀ.

ಅಳತೆಗೋಲು:
3 ಮೀಟರ್ ದೂರಕ್ಕೆ 1.7 ಎಂದರೆ 30 ಡಿಗ್ರಿಗೆ ಕೂದಲೆಳೆ ಕಡಿಮೆ. ಸೋಫಾದ ತುದಿ 15. ನಾನು ಉದಾಹರಣೆಗೆ ಹಿಡಿದ ಎರಡು ಕೋನಗಳಲ್ಲೇ ನಿಮ್ಮ ಮನೆಯವರು ಕುಳಿತಿದ್ದಾರೆ.

ಬಡಗಿಮನ:
ಲೆಕ್ಕ ಸರಿ, ಹೆದರಿಸಿದ್ದು ಹೆಚ್ಚಾಯಿತು. 15 ಡಿಗ್ರಿಯಲ್ಲಿ 2,000 ಹರ್ಟ್ಜ್ ಹೊತ್ತಿಗೆ ಟ್ವೀಟರ್ ಕೂಡ ದನಿಗೂಡಿಸಿರುತ್ತದೆ, ಅದು ಒಂದೇ ಆದ್ದರಿಂದ ಅಳಿಸಿಹೋಗಲು ಜೊತೆಗಾರನಿಲ್ಲ. ತಗ್ಗು ಅರ್ಧ ತುಂಬುತ್ತದೆ. ಮೇಲಾಗಿ ಗೋಡೆ, ಚಾವಣಿಯಿಂದ ಮರಳಿ ಬರುವ ಸದ್ದೂ ಒಂದಿಷ್ಟು ತುಂಬುತ್ತದೆ. ಸೋಫಾದ ತುದಿಯವರು ಬದುಕಿಕೊಳ್ಳುತ್ತಾರೆ. ಮೂಲೆಯ ಕುರ್ಚಿಯ ಬಗ್ಗೆ ಮಾತ್ರ ನಿಮ್ಮ ಮಾತು ನಿಜ. 1,000 ಹರ್ಟ್ಜ್‌ನಲ್ಲಿ ವೂಫರ್‌ಗಳಿಗೆ ಬೇರೆ ಆಸರೆಯಿಲ್ಲ.

ಇನ್ನೊಂದು ವಿಷಯ. ಹಾಗೆ ಕಾಣುವ ಪೆಟ್ಟಿಗೆಗಳೆಲ್ಲ ಒಂದೇ ಅಲ್ಲ. ಕೆಲವು ಎರಡೂವರೆ-ವೇ ಇರುತ್ತವೆ, ಅಂದರೆ ಒಂದು ವೂಫರ್ ಕೆಳಗಿನ ಸ್ವರಗಳಿಗಷ್ಟೇ ದುಡಿದು ಮೇಲೆ ಸುಮ್ಮನಾಗುತ್ತದೆ, ಇನ್ನೊಂದು ಮಾತ್ರ ಟ್ವೀಟರ್‌ವರೆಗೆ ಹೋಗುತ್ತದೆ. ಅಲ್ಲಿ ಈ ಜಗಳ ಬಹುಮಟ್ಟಿಗೆ ತಪ್ಪುತ್ತದೆ. ವಿವರಪಟ್ಟಿಯಲ್ಲಿ ಕ್ರಾಸ್‌ಓವರ್ ಆವರ್ತನ, ಅಂದರೆ ಒಂದು ಕೋನ್ ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ಜಾಗ, ಎರಡು ಬರೆದಿದ್ದಾರೋ ಒಂದೋ ನೋಡಿ.

ಹೊಸಕಿವಿ:
ಒಂದೇ ಇದೆ. 2,200 ಹರ್ಟ್ಜ್.

ಬಡಗಿಮನ:
ಹಾಗಿದ್ದರೆ ಅಳತೆಗೋಲು ಗೆದ್ದರು.

ತಂತಿಜೋಡಕ:
ಎಲ್ಲರೂ ಕಾಗದದ ಮೇಲೆ ಗೆಲ್ಲುತ್ತಿದ್ದೀರಿ. ಕಾರೊಂದು ಪರದೆಯ ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಅದರ ದನಿ ಬದಲಾದರೆ ಏನು ಮಾಡುತ್ತೀರಿ? ಬೇರೆ ಕಂಪನಿಯ ಸೆಂಟರ್ ಇಟ್ಟು ನಾನು ಎರಡು ವರ್ಷ ಅನುಭವಿಸಿದ್ದೇನೆ. ನಡೆದುಕೊಂಡು ಹೋಗುತ್ತಿದ್ದ ಮನುಷ್ಯ ನಡುವೆ ಬಂದೊಡನೆ ಮೂಗಿನಿಂದ ಮಾತಾಡಲು ತೊಡಗುತ್ತಿದ್ದ. ಎಡಬಲದ ಧ್ವನಿಬಣ್ಣಕ್ಕೆ ಹೊಂದುವುದು ಮೊದಲ ನಿಯಮ, ಉಳಿದದ್ದೆಲ್ಲ ಆಮೇಲೆ.

ಅಳತೆಗೋಲು:
ಮಲಗಿಸಿದ ಪೆಟ್ಟಿಗೆಯ ಧ್ವನಿಬಣ್ಣ ಕುರ್ಚಿಯಿಂದ ಕುರ್ಚಿಗೆ ಬದಲಾಗುತ್ತದೆ. ಯಾವ ಕುರ್ಚಿಯಲ್ಲಿ ಹೊಂದಬೇಕು? ಒಂದೇ ಸರಣಿ ಎಂಬ ಹೆಸರಿನಿಂದ ದನಿ ಒಂದೇ ಆಗುವುದಿಲ್ಲ. ಅವರ ಎಡಬಲದ್ದು ಆರೂವರೆ ಇಂಚು, ಸೆಂಟರ್‌ನದ್ದು ಐದೂಕಾಲು. ಸಮಾನವಾಗಿರುವುದು ಟ್ವೀಟರ್ ಮತ್ತು ಮುಂದಿನ ಬಲೆಯ ಬಣ್ಣ.

ತಂತಿಜೋಡಕ:
ಅಣ್ಣತಮ್ಮಂದಿರ ದನಿ ಪೂರ್ತಿ ಒಂದೇ ಇರುವುದಿಲ್ಲ, ಆದರೂ ಒಂದೇ ಮನೆಯವರು ಎಂದು ಗೊತ್ತಾಗುತ್ತದೆ.

ನಿಶಾಚರಿ:
ಸ್ವಲ್ಪ ತಡೆಯಿರಿ. ಟಿವಿಯಿಂದ ರಿಸೀವರ್‌ಗೆ ಯಾವ ಧ್ವನಿ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲವಲ್ಲ? ಟಿವಿಯ ಆಡಿಯೋ ಔಟ್‌ಪುಟ್ 'ಪಿಸಿಎಂ' (ಟಿವಿಯೇ ಬಿಡಿಸಿ ಕಳುಹಿಸುವ ಧ್ವನಿ) ಎಂದು ಇದ್ದರೆ ಅನೇಕ ಬಾರಿ ಹೋಗುವುದು ಎರಡೇ ಚಾನೆಲ್. ಆಗ ಸೆಂಟರ್‌ಗೆ ಸಿಗುವುದು ರಿಸೀವರ್ ಊಹಿಸಿ ಹಂಚಿದ ಪಾಲು, ಅಥವಾ ಅದೂ ಇಲ್ಲ. 'ಬಿಟ್‌ಸ್ಟ್ರೀಮ್' ಅಥವಾ 'ಪಾಸ್‌ತ್ರೂ' (ಬಿಡಿಸದೆ ಹಾಗೆಯೇ ಕಳುಹಿಸುವುದು) ಎಂದು ಮಾಡಿ, ರಿಸೀವರ್‌ನ ಮುಖದ ಮೇಲೆ 'ಡಾಲ್ಬಿ' ಎಂಬ ಹೆಸರು ಬರುತ್ತದೆಯೇ ನೋಡಿ. ನಮ್ಮ ಮನೆಯಲ್ಲಿ ಹೊಸ ಸೆಂಟರ್ ತಂದು ಮೂರು ತಿಂಗಳಾದ ಮೇಲೆ ಇದು ಗೊತ್ತಾಯಿತು. ಯಾರಿಗೂ ಹೇಳಿರಲಿಲ್ಲ, ಈಗ ಇಲ್ಲಿ ಹೇಳಿಬಿಟ್ಟೆ.

ಹೊಸಕಿವಿ:
'ಪಿಸಿಎಂ' ಎಂದೇ ಇತ್ತು. 😐 ಬದಲಿಸಿದೆ. ಹಳೆಯ ಡಬ್ಬಿಯಿಂದಲೂ ಮಾತು ಮೊದಲಿಗಿಂತ ಗಟ್ಟಿಯಾಗಿ ಬರುತ್ತಿದೆ. ಆದರೆ ಡಬ್ಬಿಯ ದನಿಯೇ, ಬಕೆಟ್‌ನೊಳಗಿನಿಂದ ಮಾತಾಡಿದ ಹಾಗೆ.

ನಿಶಾಚರಿ:
ಅದರ ಕ್ರಾಸ್‌ಓವರ್ ಎಷ್ಟು ಇಟ್ಟಿದ್ದೀರಿ? ಮೂರು ಇಂಚಿನ ಕೋನ್‌ಗೆ 80 ಹರ್ಟ್ಜ್ ಹೊರಿಸಬೇಡಿ, 150ರ ಸುತ್ತ ಇಡಿ, ಅದರ ಕೆಳಗಿನದನ್ನು ಸಬ್‌ವೂಫರ್ ನೋಡಿಕೊಳ್ಳಲಿ. ಹೊಸದು ಬಂದಾಗ 80ಕ್ಕೋ 100ಕ್ಕೋ ಇಳಿಸಬಹುದು. ರಾತ್ರಿ ನೋಡುವವರಾದರೆ ರಿಸೀವರ್‌ನ ಡೈನಾಮಿಕ್ ರೇಂಜ್ ಕಂಪ್ರೆಷನ್ ಹಾಕಿ: ಸ್ಫೋಟ ತಗ್ಗುತ್ತದೆ, ಪಿಸುಮಾತು ಏರುತ್ತದೆ. ಶುದ್ಧವಾದಿಗಳು ಬೈಯುತ್ತಾರೆ, ಬೈಯಲಿ.

ಎರಡೇಸಾಕು:
ಬೈದೆ.

ಗಟ್ಟಿದನಿ:
ಇಷ್ಟೆಲ್ಲ ಏಕೆ? 200 ವ್ಯಾಟ್ ತಡೆಯುವ ಸೆಂಟರ್ ತನ್ನಿ, ಮಾತು ಎದೆಗೆ ಬಂದು ಬಡಿಯುತ್ತದೆ.

ಬಡಗಿಮನ:
ಆ ವ್ಯಾಟ್ ಸ್ಪೀಕರ್ ಎಷ್ಟು ತಡೆದುಕೊಳ್ಳುತ್ತದೆ ಎಂಬುದಕ್ಕೆ, ಎಷ್ಟು ಸದ್ದು ಕೊಡುತ್ತದೆ ಎಂಬುದಕ್ಕಲ್ಲ. ನೋಡಬೇಕಾದದ್ದು ಸೆನ್ಸಿಟಿವಿಟಿ. 8 ಓಮ್ ಸ್ಪೀಕರ್ 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುತ್ತದೆ ಎನ್ನಿ. 3 ಮೀಟರ್‌ಗೆ ಬರುವಾಗ ಗೋಡೆಗಳ ಸಹಾಯವೇ ಇಲ್ಲದಿದ್ದರೂ ಉಳಿಯುವುದು ಸುಮಾರು 77.5. ಮನೆಯಲ್ಲಿ 90 ಡೆಸಿಬೆಲ್‌ನ ಏರು ಎಂದರೆ ಸಾಕಷ್ಟು ಜೋರು. ಅಲ್ಲಿಗೆ ಮುಟ್ಟಲು ಬೇಕಾದದ್ದು 18 ವ್ಯಾಟ್. ಸೆನ್ಸಿಟಿವಿಟಿ 90 ಇದ್ದರೆ ಅದರ ಅರ್ಧ. ನಿಮ್ಮ 200 ಎಲ್ಲಿ ಹೋಯಿತು?

ಗಟ್ಟಿದನಿ:
ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದರು, ನಂಬಿದೆ.

ಒಂಟಿಡಬ್ಬಿ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನೀವು ಹೇಳಿದ ಅಳತೆ ನೋಡಿದರೆ ಹೊಸಕಿವಿ ಅವರ ಬುಕ್‌ಶೆಲ್ಫ್ ನನ್ನ ಬಳಿ ಇರುವ ಮಾದರಿಯೇ ಇರಬೇಕು. ನನ್ನದೊಂದರ ಟ್ವೀಟರ್ ಗುಮ್ಮಟವನ್ನು ಮಗಳು ಬೆರಳಿನಿಂದ ಒಳಕ್ಕೆ ಒತ್ತಿದ್ದಾಳೆ. ಅಂಟುಪಟ್ಟಿ ಹಚ್ಚಿ ಎಳೆದೆ, ಮಡಿಕೆ ಹೋಗಲಿಲ್ಲ. ಒಂದನ್ನೇ ಕೊಡಿ ಎಂದರೆ ಅಂಗಡಿಯವರು ಜೋಡಿಯಾಗಿಯೇ ಮಾರುವುದು ಎನ್ನುತ್ತಾರೆ. ಯಾರಿಗಾದರೂ ದಾರಿ ಗೊತ್ತಿದೆಯೇ?

ತಂತಿಜೋಡಕ:
ಬೇರೆ ಚರ್ಚೆ ತೆರೆಯಿರಿ.

ಮಂದ್ರಸ್ಥಾಯಿ:
ಪಾಪ, ಬಿಡಿ ಸ್ವಾಮಿ. ವ್ಯಾಕ್ಯೂಮ್ ಕ್ಲೀನರ್ ಮಾತ್ರ ಹಿಡಿಯಬೇಡಿ ಒಂಟಿಡಬ್ಬಿ ಅವರೇ, ನನ್ನ ಸ್ನೇಹಿತರೊಬ್ಬರಿಗೆ ಗುಮ್ಮಟವೇ ಕೈಗೆ ಬಂತು.

ಅಳತೆಗೋಲು:
ಹೊಸಕಿವಿ ಅವರೇ, ಏನನ್ನೂ ಕೊಳ್ಳುವ ಮೊದಲು ಒಂದು ಪರೀಕ್ಷೆ. ಎಡಗಡೆಯ ಬುಕ್‌ಶೆಲ್ಫ್ ಅನ್ನು ತೆಗೆದು ಟಿವಿಯ ಮುಂದೆ ಸ್ಟೂಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಸೆಂಟರ್‌ನ ತಂತಿ ಸಿಕ್ಕಿಸಿ. ಪರದೆ ಸ್ವಲ್ಪ ಮುಚ್ಚಿದರೆ ಮುಚ್ಚಲಿ. ಮಾತೇ ಹೆಚ್ಚಿರುವ ಒಂದು ದೃಶ್ಯವನ್ನು ಅಮ್ಮನ ಕುರ್ಚಿಯಲ್ಲಿ ಕೂತು ಕೇಳಿ. ಆಮೇಲೆ ಅದನ್ನೇ ಮಲಗಿಸಿ ಕೇಳಿ. ಕೊನೆಗೆ ಕಪಾಟಿನ ಖಾನೆಯೊಳಗೆ ತಳ್ಳಿ ಕೇಳಿ. ಪ್ರತಿ ಸಲವೂ ಧ್ವನಿಮಟ್ಟ ಒಂದೇ ಇರಲಿ, ಇಲ್ಲದಿದ್ದರೆ ಜೋರಾಗಿದ್ದದ್ದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಹೊಸಕಿವಿ:
ಮಾಡಿದೆ. ನಿನ್ನೆ ರಾತ್ರಿ ಇಡೀ ಇದೇ ಕೆಲಸ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನೆಟ್ಟಗೆ ನಿಲ್ಲಿಸಿದಾಗ: ಅಮ್ಮ ಇಪ್ಪತ್ತು ನಿಮಿಷ ಒಂದೂ ಪ್ರಶ್ನೆ ಕೇಳಲಿಲ್ಲ. ನಿದ್ದೆ ಹೋದರೇನೋ ಎಂದು ತಿರುಗಿ ನೋಡಿದೆ, ಎಚ್ಚರವಾಗಿದ್ದರು.

ಮಲಗಿಸಿದಾಗ: ನಡುವೆ ಕುಳಿತ ನನಗೆ ಅಂಥ ವ್ಯತ್ಯಾಸ ಗೊತ್ತಾಗಲಿಲ್ಲ. ಕುರ್ಚಿಗೆ ಹೋಗಿ ಕುಳಿತರೆ ಮಾತಿನ ಅಂಚು ಸವೆದಂತಿತ್ತು. ಟ್ವೀಟರ್ ಕುರ್ಚಿಯ ಕಡೆಗೆ ಬರುವಂತೆ ತಿರುಗಿಸಿ ಮಲಗಿಸಿದೆ, ಸವೆತ ಬೇರೆ ಥರದ್ದಾಯಿತು, ಹೋಗಲಿಲ್ಲ.

ಖಾನೆಯೊಳಗೆ ತಳ್ಳಿದಾಗ: ಅದೇ ಹಳೆಯ ಬಕೆಟ್! ಬಕೆಟ್ ನನ್ನ ಡಬ್ಬಿಯದಲ್ಲ, ಕಪಾಟಿನದು. ಇಷ್ಟು ದಿನ ಆ ಡಬ್ಬಿಗೆ ಸುಮ್ಮನೆ ಶಾಪ ಹಾಕಿದ್ದೇನೆ.

ಬಡಗಿಮನ:
ಇದನ್ನೇ ಹೇಳಬೇಕೆಂದಿದ್ದೆ, ಲೆಕ್ಕದ ಗಲಾಟೆಯಲ್ಲಿ ಮರೆತೆ. ಮೂರು ಕಡೆ ಹಲಗೆ ಮುಚ್ಚಿದ ಖಾನೆ ತಾನೇ ಒಂದು ಪೆಟ್ಟಿಗೆಯಾಗಿ ಗುಂಯ್‌ಗುಡುತ್ತದೆ. ನನ್ನ ಕಪಾಟಿನಲ್ಲಿ ಮೈಕ್ ಇಟ್ಟು ಅಳೆದಾಗ 150 ಹರ್ಟ್ಜ್ ಸುತ್ತ 6 ಡೆಸಿಬೆಲ್ ಉಬ್ಬಿತ್ತು. ಗಂಡಸಿನ ದನಿ ದಪ್ಪವಾಗಿ, ಅಕ್ಷರಗಳು ಅದರಡಿ ಮುಳುಗುತ್ತಿದ್ದವು. ಖಾನೆಯೇ ಗತಿ ಎನ್ನುವವರು ಸ್ಪೀಕರ್‌ನ ಮುಖ ಹಲಗೆಯ ಅಂಚಿಗೆ ಸರಿಯಾಗಿ, ಅಥವಾ ಒಂದು ಬೆರಳು ಮುಂದೆ ಬರುವಂತೆ ಇಡಲಿ. ಸುತ್ತಲಿನ ಖಾಲಿ ಜಾಗಕ್ಕೆ ದಪ್ಪ ಸ್ಪಂಜು ತುರುಕಲಿ. ಹಿಂದೆ ಗಾಳಿರಂಧ್ರ ಇರುವ ಸ್ಪೀಕರ್ ಆದರೆ ರಂಧ್ರಕ್ಕೂ ಸ್ಪಂಜು, ಹೇಗಿದ್ದರೂ 80ರ ಕೆಳಗಿನ ಕೆಲಸ ಸಬ್‌ವೂಫರ್‌ನದು.

ತಂತಿಜೋಡಕ:
ಹಾಗಾದರೆ ಮಲಗಿಸಿದ್ದು ತಪ್ಪು, ಖಾನೆ ತಪ್ಪು, ಬೇರೆ ಕಂಪನಿ ತಪ್ಪು. ಉಳಿದದ್ದೇನು?

ಮಂದ್ರಸ್ಥಾಯಿ:
ನೀವು ಮೊದಲ ಸಾಲಿನಲ್ಲಿ ಹೇಳಿದ್ದೇ ಉಳಿದದ್ದು! ಅದೇ ಸರಣಿ. ಸರಣಿ ಏಕೆ, ಅದೇ ಮಾದರಿ. ಎಡ, ಬಲ, ನಡು ಮೂರೂ ಒಂದೇ ಬುಕ್‌ಶೆಲ್ಫ್, ಮೂರೂ ನೆಟ್ಟಗೆ. ಚಿತ್ರಮಂದಿರದಲ್ಲಿ ರಂಧ್ರಗಳಿರುವ ಪರದೆಯ ಹಿಂದೆ ಒಂದೇ ಬಗೆಯ ಮೂರನ್ನು ನಿಲ್ಲಿಸುತ್ತಾರೆ. ಮಲಗಿಸಿದ ಸೆಂಟರ್ ಹುಟ್ಟಿದ್ದು ಧ್ವನಿಗಾಗಿ ಅಲ್ಲ, ಟಿವಿಯ ಕೆಳಗಿನ ಸಂದಿಗಾಗಿ.

ತಂತಿಜೋಡಕ:
ಅಂದರೆ ನಾನು ಮೊದಲೇ ಸರಿಯಾಗಿ ಹೇಳಿದ್ದೆ.

ಅಳತೆಗೋಲು:
ಬೇರೆ ಕಾರಣಕ್ಕೆ.

ಹೊಸಕಿವಿ:
ಅದೆಲ್ಲ ಸರಿ, ಜಾಗ ಎಲ್ಲಿ? ಟಿವಿ ಗೋಡೆಯ ಮೇಲಿದೆ, ಅದರ ಕೆಳಗಂಚು ನೆಲದಿಂದ 70 ಸೆಂ.ಮೀ. ಕಪಾಟಿನ ಎತ್ತರ 50. ಸ್ಪೀಕರ್ 32.

ಬಡಗಿಮನ:
ಕಪಾಟನ್ನು ಪಕ್ಕಕ್ಕೆ ಸರಿಸಿ. ನಡುವೆ 35 ಸೆಂ.ಮೀ. ಎತ್ತರದ ಗಟ್ಟಿ ಸ್ಟ್ಯಾಂಡ್ ಇಡಿ, 67ಕ್ಕೆ ಬರುತ್ತದೆ, ಟಿವಿಯ ಕೆಳಗೆ ಸರಿಯಾಗಿ ಕೂರುತ್ತದೆ. ಟ್ವೀಟರ್ ನೆಲದಿಂದ ಸುಮಾರು 60, ಕುಳಿತವರ ಕಿವಿ ಸುಮಾರು 100. ಮೂರು ಮೀಟರ್‌ಗೆ 40 ಸೆಂ.ಮೀ. ಏರು ಎಂದರೆ 7-8 ಡಿಗ್ರಿ. ಮುಂದಿನ ಅಂಚಿನ ಕೆಳಗೆ ರಬ್ಬರ್ ತುಂಡು ಇಟ್ಟು ಅಷ್ಟು ಮೇಲಕ್ಕೆ ನೋಡುವಂತೆ ಮಾಡಿ. ನಡುವಿನ ಕುರ್ಚಿಯಲ್ಲಿ ತಲೆಯಿರುವ ಜಾಗದಿಂದ ನೋಡಿದಾಗ ಪೆಟ್ಟಿಗೆಯ ಮೇಲ್ಭಾಗವೂ ತಳವೂ ಕಾಣದೆ ಮುಖವಷ್ಟೇ ಕಂಡರೆ ಸರಿಯಾಗಿದೆ. ಆಮೇಲೆ ರಿಸೀವರ್‌ನ ಮೈಕ್ ಇಟ್ಟು ಕ್ಯಾಲಿಬ್ರೇಷನ್ (ಸ್ಪೀಕರ್‌ಗಳನ್ನು ಅಳೆದು ಹೊಂದಿಸುವುದು) ಮತ್ತೆ ಮಾಡಿಸಿ. ಅದು ಮುಗಿದ ಮೇಲೂ ಮಾತು ಕಡಿಮೆ ಎನಿಸಿದರೆ ಸೆಂಟರ್ ಒಂದನ್ನೇ 2 ಡೆಸಿಬೆಲ್ ಏರಿಸಿ, ತಪ್ಪೇನಿಲ್ಲ.

ಕೋಲುದೀಪ:
ಟ್ವೀಟರ್‌ನ ಸುತ್ತಲೇ ವೂಫರ್ ಇರುವ ಏಕಕೇಂದ್ರ ಸ್ಪೀಕರ್ ಬಗ್ಗೆ ಯಾರೂ ಹೇಳಲಿಲ್ಲ. ಕೆಇಎಫ್‌ನವರ ಯೂನಿ-ಕ್ಯೂ 1988ರಿಂದ ಇದೆ. ಒಂದೇ ಅಂಥ ಡ್ರೈವರ್ ಇರುವ ಪೆಟ್ಟಿಗೆಯಾದರೆ ಮಲಗಿಸಿದರೂ ನಿಲ್ಲಿಸಿದರೂ ಒಂದೇ.

ಅಳತೆಗೋಲು:
ಒಳ್ಳೆಯ ಮಾತು. ಅವರ ಎಡಬಲವೂ ಅದೇ ಆಗಿದ್ದರೆ ಮೊದಲ ದಿನವೇ ಅದನ್ನು ಹೇಳುತ್ತಿದ್ದೆ. ಎರಡನೆಯ ಆಯ್ಕೆಯಾಗಿದ್ದ ತ್ರೀ-ವೇ ಕೂಡ ಕೆಟ್ಟದ್ದಲ್ಲ. ಮಿಡ್‌ರೇಂಜ್ ಟ್ವೀಟರ್‌ನ ಕೆಳಗಿರುವುದರಿಂದ ಮಾತಿನ ಜಾಗದಲ್ಲಿ ಪಕ್ಕಕ್ಕೆ ಜಗಳವಿಲ್ಲ, ಆಚೀಚಿನ ವೂಫರ್‌ಗಳು ಕೆಲವು ನೂರು ಹರ್ಟ್ಜ್‌ಗೇ ನಿಲ್ಲುತ್ತವೆ. ಕಪಾಟನ್ನು ಸರಿಸಲು ಒಪ್ಪದ ಮನೆಯವರಿಗೆ ಅದೇ ನನ್ನ ಉತ್ತರ, ಖಾನೆಯಲ್ಲಿ ಅಲ್ಲ, ಕಪಾಟಿನ ಮೇಲೆ ಇಟ್ಟು.

ಎರಡೇಸಾಕು:
ಕುರ್ಚಿಯನ್ನೇ ಸೋಫಾದ ಪಕ್ಕಕ್ಕೆ ಎಳೆದರೆ ಎಲ್ಲ ಖರ್ಚೂ ಉಳಿಯುತ್ತದಲ್ಲ?

ಹೊಸಕಿವಿ:
ಕೇಳಿದೆ. "ಈ ಕುರ್ಚಿ ಇಲ್ಲೇ ಇರುತ್ತದೆ, ನಿನ್ನ ಡಬ್ಬಿಯನ್ನು ಬೇಕಾದರೆ ಸರಿಸು" ಎಂದರು. ಹಾಗಾಗಿ ಅದೇ ಮಾದರಿಯ ಮೂರನೆಯದನ್ನು ತರುತ್ತಿದ್ದೇನೆ. ನನಗೂ ಜೋಡಿಯೇ ಕೊಡುವುದು ಎಂದರು, ಒಂದು ದಂಡ.

ಒಂಟಿಡಬ್ಬಿ:
ದಂಡ ಏಕೆ? ನಾನು ಇಲ್ಲೇ ಇದ್ದೇನೆ! ಅರ್ಧ ಹಣ ನನ್ನದು.

ಹೊಸಕಿವಿ:
ಅಯ್ಯೋ, ನಿಮ್ಮನ್ನು ಮರೆತೇಬಿಟ್ಟಿದ್ದೆ. ನಿಮ್ಮದು ಯಾವ ಬಣ್ಣ? ನನ್ನದು ಕಪ್ಪು.

ಒಂಟಿಡಬ್ಬಿ:
ತೇಗದ ಬಣ್ಣ. ಪರವಾಗಿಲ್ಲ ಕಳುಹಿಸಿ, ಸಿನಿಮಾ ಶುರುವಾದ ಮೇಲೆ ದೀಪ ಆರಿಸುತ್ತೇವೆ.

ತಂತಿಜೋಡಕ:
ಒಂದು ಕಪ್ಪು, ಒಂದು ತೇಗ. ಧ್ವನಿಬಣ್ಣ ಹೊಂದುವುದಿಲ್ಲ ಎಂದು ಮುಂದಿನ ವಾರ ಇಲ್ಲಿಗೇ ಬರುತ್ತಾರೆ ನೋಡಿ.